ಸೀಳುತುಟಿ ಮಗುಗೆ ಉಚಿತ ಆಪರೇಷನ್: ನಾವು ಕಂಡಿದ್ದು, ನೀವು ನೋಡ್ಬೇಕಾಗಿದ್ದು

ಸ್ಮೈಲ್ ಟ್ರೇನ್ ಅನ್ನೋ ಸಂಸ್ಥೆ ದುಡ್ಡು ಹಾಕಿ ಮಾಡಿಸೋ ಸೀಳುತುಟಿ ಆಪರೇಷನ್ ಸೇವೆ ಬಗ್ಗೆ ಈ ರಿವ್ಯೂ. ನನ್ನ ತಂಗಿ ಮಗುಗೆ ಎಡಗಡೆ ತುಟಿ, ವಸಡು, ಅಂಗುಳ ಮೂರೂ ಸೀಳಿತ್ತು. ತುಟಿದೂ ಆಯ್ತು, ಅಂಗುಳದ್ದೂ ಆಯ್ತು, ಈಗ ಮಾತಿನ ಥೆರಪಿ ನಡೀತಾ ಇದೆ. ಆಪರೇಷನ್ ಆದ ಆಸ್ಪತ್ರೆ ಹೆಸರು ಬರೀತಿಲ್ಲ, ಊರೂ ಬರೀತಿಲ್ಲ, ಯಾಕಂದ್ರೆ ಇದನ್ನ ಓದೋರು ಎಲ್ಲೇ ಇದ್ರೂ ಇಂಥ ಸೇವೆ ಒಂದನ್ನ ನೋಡಿದಾಗ ಏನು ಗಮನಿಸ್ಬೇಕು ಅನ್ನೋದು ತಿಳೀಲಿ ಅಂತ ನನ್ನ ಆಸೆ. ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಅದರಲ್ಲಿ ಆಪರೇಷನ್ ಥಿಯೇಟರ್ ಒಳಗೆ ನಡೆದಿದ್ದಕ್ಕೆ ಅರ್ಧ, ಅದಕ್ಕಿಂತ ಮುಂಚೆ ಮತ್ತೆ ಆಮೇಲೆ ನಡೆದಿದ್ದಕ್ಕೆ ಇನ್ನರ್ಧ. ಉಚಿತವಾಗಿ ಹೊಲಿಗೆ ಹಾಕೋರು ಬೇಕಾದಷ್ಟು ಜನ ಸಿಗ್ತಾರೆ, ಹೊಲಿಗೆ ಬಿಚ್ಚಿದ ಮೇಲೂ ಮಗು ಹೆಸರು ನೆನಪಿಟ್ಕೊಂಡು ಫೋನ್ ಮಾಡಿ ಯಾಕಮ್ಮಾ ಬರ್ಲಿಲ್ಲ ಅಂತ ಕೇಳೋರು ಕಮ್ಮಿ.

ಮಗು ಹುಟ್ಟಿದಾಗ ನಮ್ಮ ಮನೇಲಿ ಯಾರಿಗೂ ಇದರ ಬಗ್ಗೆ ಏನೇನೂ ಗೊತ್ತಿರಲಿಲ್ಲ, ಎಲ್ಲೋ ಲಕ್ಷಕ್ಕೊಂದು ಮಗುಗೆ ಹೀಗಾಗತ್ತೇನೋ ಅಂದ್ಕೊಂಡಿದ್ವಿ, ಆಮೇಲೆ ತಿಳೀತು ಪ್ರಪಂಚದಲ್ಲಿ ಸುಮಾರು 700 ಮಕ್ಕಳಿಗೆ ಒಂದು ಮಗು ತುಟಿ ಇಲ್ಲಾ ಅಂಗುಳ ಸೀಳ್ಕೊಂಡೇ ಹುಟ್ಟತ್ತೆ ಅಂತ. ತಂಗಿ ಮಾತ್ರ ದಿನಾ ರಾತ್ರಿ ಒಂದೇ ಪ್ರಶ್ನೆ, ಅಕ್ಕಾ ನಾನೇನು ತಪ್ಪು ಮಾಡ್ದೆ, ಏನು ತಿಂದೆ, ಯಾವಾಗ ಬಿದ್ದೆ ಅಂತ. ಅವಳಿಗೆ ಸಮಾಧಾನ ಕೊಟ್ಟಿದ್ದು ಸೀಳುತುಟಿ ವಿಭಾಗದ ಡಾಕ್ಟ್ರು ಹೇಳಿದ ಒಂದು ಮಾತು. ಮಗು ತುಟಿ ಎರಡೂ ಕಡೆಯಿಂದ ಬಂದು ಕೂಡ್ಕೊಳ್ಳೋದು ಬಸುರಿನ 4 ರಿಂದ 7ನೇ ವಾರದಲ್ಲಿ, ಅಂಗುಳ ಕೂಡೋದು 6 ರಿಂದ 9ನೇ ವಾರದಲ್ಲಿ, ಆಗ ನಿನಗಿನ್ನೂ ಬಸುರಿ ಅಂತ ಸರಿಯಾಗಿ ಗೊತ್ತೂ ಆಗಿರಲ್ಲಮ್ಮ, ಇದರಲ್ಲಿ ನಿನ್ನ ತಪ್ಪೇನು ಬಂತು ಅಂದ್ರು. ಅನುವಂಶಿಕ ಕಾರಣ ಇರಬಹುದು, ಫಿಟ್ಸ್‌ಗೆ ಕೊಡೋ ಕೆಲವು ಮಾತ್ರೆ, ಸಿಗರೇಟು, ಸಕ್ಕರೆ ಕಾಯಿಲೆ ಇಂಥದ್ದೂ ಸೇರ್ಕೋಬಹುದು, ಆದ್ರೆ ಒಂದೊಂದು ಮಗು ವಿಷಯದಲ್ಲಿ ಇದರಿಂದ್ಲೇ ಆಯ್ತು ಅಂತ ಬೆರಳು ತೋರ್ಸೋಕೆ ಸಾಮಾನ್ಯವಾಗಿ ಆಗಲ್ಲ ಅಂತನೂ ಬಿಡಿಸಿ ಹೇಳಿದ್ರು. ಅವತ್ತು ರಾತ್ರಿ ತಂಗಿ ಆ ಪ್ರಶ್ನೆ ಕೇಳಲಿಲ್ಲ.

ಹಾಲು ಕುಡಿಸೋ ವಿಷಯ ಸ್ವಲ್ಪ ಉದ್ದಕ್ಕೆ ಬರೀತೀನಿ, ಯಾಕಂದ್ರೆ ಮಕ್ಕಳು ಸೊರಗೋದು ಇಲ್ಲೇ. ಹೆರಿಗೆ ಆದ ಆಸ್ಪತ್ರೇಲಿ ನಮಗೆ ಹೇಳಿದ್ದು ಇಷ್ಟೇ, ಮೂರು ತಿಂಗಳಾದ್ಮೇಲೆ ದೊಡ್ಡಾಸ್ಪತ್ರೆಗೆ ತೋರ್ಸಿ, ಆಪರೇಷನ್ ಮಾಡ್ತಾರೆ. ಆ ಮೂರು ತಿಂಗಳು ಕೂಸು ಏನು ಕುಡಿದು ಬದುಕ್ಬೇಕು ಅಂತ ಒಬ್ರೂ ಹೇಳಲಿಲ್ಲ, ಇದು ನನಗೆ ಇವತ್ತಿಗೂ ಸಿಟ್ಟು ಬರೋ ವಿಷಯ. ಅಂಗುಳ ಸೀಳಿರೋ ಮಗು ಬಾಯಲ್ಲಿ ಹಾಲು ಎಳೆಯೋ ಬಿಗಿ ಹುಟ್ಟಲ್ಲ, ತೂತಾಗಿರೋ ಸ್ಟ್ರಾದಲ್ಲಿ ಜ್ಯೂಸ್ ಎಳೆದಂಗೆ, ಗಾಳಿ ಮೂಗಿಂದ ಒಳಗೆ ಬಂದ್ಬಿಡತ್ತೆ. ಕೂಸು ಚೀಪತ್ತೆ ಚೀಪತ್ತೆ ಸುಸ್ತಾಗತ್ತೆ ನಿದ್ದೆ ಹೋಗತ್ತೆ, ನಾವು ಹೊಟ್ಟೆ ತುಂಬ್ತು ಅಂದ್ಕೋತೀವಿ, ಹೊಟ್ಟೆಲಿ ಏನೂ ಇರಲ್ಲ. ಕುಡಿದ ಸ್ವಲ್ಪದರಲ್ಲೂ ಅರ್ಧ ಮೂಗಿಂದ ಆಚೆ. ನಮ್ಮ ಮಗು ಹುಟ್ಟಿದ ತೂಕಕ್ಕಿಂತ ಕೆಳಗೆ ಇಳಿದುಬಿಟ್ಟಿತ್ತು.

ಯಾರೋ ಹೇಳಿದ್ರು ಅಂತ ಈ ಉಚಿತ ಸೇವೆ ಇರೋ ಆಸ್ಪತ್ರೆಗೆ ಫೋನ್ ಮಾಡಿದ್ವಿ, ಮೂರು ತಿಂಗಳು ಕಾಯೋದು ಬೇಡ ನಾಳೆನೇ ಕರ್ಕೊಂಡು ಬನ್ನಿ ಅಂದ್ರು. ಅಲ್ಲಿನ ಸಿಸ್ಟರ್ ಒಬ್ರು ಮಗುನ ತಂಗಿ ತೊಡೆ ಮೇಲೆ ಹೆಚ್ಚೂ ಕಮ್ಮಿ ಕೂತ ಹಾಗೇ ನೇರ ಇಡ್ಸಿ, ಮೆತ್ತಗಿನ ಒತ್ತೋ ಬಾಟ್ಲು ಕೊಟ್ಟು, ನಿಪ್ಪಲ್ ಸೀಳಿಲ್ಲದ ಕಡೆ ಕೆನ್ನೆ ಪಕ್ಕಕ್ಕೆ ಇಡ್ಸಿದ್ರು. ಆಮೇಲೆ ತಂಗಿ ಕೈ ಮೇಲೆ ತನ್ನ ಕೈ ಇಟ್ಟು, ಕೂಸು ಒಂದ್ಸಲ ಬಾಯಿ ಆಡಿಸ್ದಾಗ ಒಂದ್ಸಲ ಒತ್ತು, ಅದು ನುಂಗೋದು ನೋಡು, ಗಂಟ್ಲು ಕದಲ್ತಾ, ಈಗ ಮತ್ತೆ ಒತ್ತು, ಅವಸರ ಬೇಡ ಅಂತ ಹೇಳ್ತಾ ಹೇಳ್ತಾ ಕುಡಿಸಿದ್ರು. ನಡುನಡುವೆ ಹೆಗಲ ಮೇಲೆ ಹಾಕ್ಕೊಂಡು ತೇಗು ತೆಗೆಸೋದು, ಯಾಕಂದ್ರೆ ಇಂಥ ಮಕ್ಕಳು ಹಾಲಿನ ಜೊತೆ ಗಾಳಿನೂ ಜಾಸ್ತಿ ನುಂಗ್ತಾರೆ. ಎದೆಹಾಲನ್ನೇ ಹಿಂಡಿ ಇದೇ ಥರ ಕೊಡಿ, ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಎಳೆದಾಡ್ಬೇಡಿ, ಕುಡಿಯೋ ಸುಸ್ತಲ್ಲೇ ಕುಡಿದಿದ್ದೆಲ್ಲಾ ಖರ್ಚಾಗೋಗತ್ತೆ ಅಂದ್ರು. ಬಾಟ್ಲು ಇಲ್ಲದಿದ್ರೆ ಒಳಲೇಲೂ ಚಮಚದಲ್ಲೂ ಕುಡಿಸಬಹುದು, ಅದನ್ನೂ ತೋರಿಸಿಕೊಟ್ರು. ಆಮೇಲೆ ವಾರವಾರ ತೂಕ ನೋಡಿ ಚಾರ್ಟಲ್ಲಿ ಚುಕ್ಕಿ ಇಡೋರು. ಆಪರೇಷನ್ ಇನ್ನೂ ದೂರ ಇತ್ತು, ಬ್ಲೇಡ್ ಮುಟ್ಟೋಕೆ ಮುಂಚೇನೇ ಮಗು ಉಳಿಸಿದ್ದು ಆ ಸಿಸ್ಟರ್ ಅಂತ ನಾನು ಯಾರ ಮುಂದೆ ಬೇಕಾದ್ರೂ ಹೇಳ್ತೀನಿ.

ಸಂಸ್ಥೆ ಬಗ್ಗೆ ಎರಡು ಮಾತು. ಸ್ಮೈಲ್ ಟ್ರೇನ್ ಶುರುವಾಗಿದ್ದು 1999ರಲ್ಲಿ, ಮುಖ್ಯ ಕಚೇರಿ ನ್ಯೂಯಾರ್ಕಲ್ಲಿ. 70ಕ್ಕೂ ಹೆಚ್ಚು ದೇಶಗಳಲ್ಲಿ ಕೆಲಸ ಇದೆ, ಇಷ್ಟರವರೆಗೆ 15 ಲಕ್ಷಕ್ಕೂ ಮೀರಿ ಆಪರೇಷನ್‌ಗೆ ನೆರವಾಗಿದ್ದಾರೆ. ಇವರು ತಮ್ಮದೇ ಆಸ್ಪತ್ರೆ ಕಟ್ಟಲ್ಲ, ವಿಮಾನದಲ್ಲಿ ಡಾಕ್ಟ್ರುಗಳನ್ನ ಕರ್ಕೊಂಡು ಬಂದು ಬಿಡೋದೂ ಇವರ ಮುಖ್ಯ ದಾರಿ ಅಲ್ಲ, ಆಯಾ ದೇಶದ ಆಸ್ಪತ್ರೆಗಳ ಜೊತೆ ಒಪ್ಪಂದ ಮಾಡ್ಕೊಂಡು ಅಲ್ಲಿನ ಸರ್ಜನ್‌ಗಳಿಗೆ, ಮಂಪರು ಕೊಡೋ ಅನಸ್ತೇಶಿಯಾದವರಿಗೆ, ಸಿಸ್ಟರ್‌ಗಳಿಗೆ ಟ್ರೇನಿಂಗ್ ಕೊಟ್ಟು ಆಪರೇಷನ್ ಖರ್ಚು ತಾವು ಭರಿಸ್ತಾರೆ. ನನಗೆ ಇದೇ ತುಂಬಾ ಹಿಡಿಸಿದ್ದು, ಹೊಲಿಗೆ ಹಾಕಿದ ಡಾಕ್ಟ್ರು ಮುಂದಿನ ತಿಂಗಳೂ ಅದೇ ಆಸ್ಪತ್ರೇಲಿ ಇರ್ತಾರೆ, ಮುಂದಿನ ವರ್ಷಾನೂ ಇರ್ತಾರೆ.

ಇನ್ನು ಆಪರೇಷನ್ ವಿಷಯ. ತುಟಿಗೆ ಸಾಮಾನ್ಯವಾಗಿ 3 ರಿಂದ 6 ತಿಂಗಳ ಒಳಗೆ ಮಾಡ್ತಾರೆ. ಹತ್ತರ ಲೆಕ್ಕ ಅಂತ ಒಂದಿದೆ, ಮಗುಗೆ 10 ವಾರ ತುಂಬಿರ್ಬೇಕು, ತೂಕ 10 ಪೌಂಡ್ ಅಂದ್ರೆ ನಾಲ್ಕೂವರೆ ಕೆಜಿ ಇರ್ಬೇಕು, ಹಿಮೋಗ್ಲೋಬಿನ್ 10 ಇರ್ಬೇಕು. ಹಳೇ ಲೆಕ್ಕ ಆದ್ರೂ ಈಗ್ಲೂ ಎಷ್ಟೋ ಕಡೆ ಇದನ್ನೇ ಇಟ್ಕೊಂಡು ನೋಡ್ತಾರೆ. ನಮಗೆ ಡೇಟ್ ಸಿಕ್ಕಿ ಬಟ್ಟೆಬರೆ ಕಟ್ಕೊಂಡು ಹೋದ್ರೆ ಮಗುಗೆ ಮೂಗು ಸೋರ್ತಿತ್ತು, ಎದೇಲಿ ಸ್ವಲ್ಪ ಗೊರಗೊರ. ಅನಸ್ತೇಶಿಯಾ ಡಾಕ್ಟ್ರು ಸ್ಟೆತಾಸ್ಕೋಪ್ ಇಟ್ಟು ನೋಡಿ ಇವತ್ತು ಆಗಲ್ಲ ವಾಪಸ್ ಹೋಗಿ ಅಂದ್ಬಿಟ್ರು. ತಂಗಿ ಗಂಡಂಗೆ ಕೆಂಡದಂಥ ಕೋಪ, ರಜ ಹಾಕಿ ಬಂದಿದೀವಿ ಸಾರ್ ಒಂದು ನೆಗಡಿಗೆಲ್ಲಾ ಯಾಕೆ ಅಂತ ಜೋರಾಗೇ ಕೇಳ್ದ. ಅವರು ಬೇಜಾರು ಮಾಡ್ಕೊಳ್ಳದೆ ಕೂರಿಸಿ ಹೇಳಿದ್ರು, ಇಷ್ಟು ಚಿಕ್ಕ ಮಗುಗೆ ಉಸಿರಿನ ಕೊಳವೆ ಸಣ್ಣದು, ನೆಗಡಿ ಇದ್ದಾಗ ಕೊಳವೆ ಕೆರಳಿರತ್ತೆ, ಮಂಪರು ಕೊಟ್ಟಾಗ ಬಿಗಿದ್ಕೊಂಡ್ರೆ ಆಮ್ಲಜನಕ ದಡಬಡ ಇಳಿದುಹೋಗತ್ತೆ, ತುಟಿ ಇನ್ನೂ ಕೆಲವು ವಾರ ಕಾಯತ್ತೆ ಉಸಿರು ಕಾಯಲ್ಲ ಅಂತ. ಹಾಗಾಗಿ ಉಚಿತ ಸೇವೆ ಹುಡುಕ್ತಿರೋರಿಗೆ ನಾನು ಹೇಳೋದು, ವಾಪಸ್ ಕಳಿಸೋ ಧೈರ್ಯ ಇರೋ ಜಾಗ ಒಳ್ಳೇ ಜಾಗ. ಬಂದೋರಿಗೆಲ್ಲಾ ಇವತ್ತೇ ಮುಗಿಸ್ತೀವಿ ಅನ್ನೋ ಕಡೆ ಸ್ವಲ್ಪ ಯೋಚ್ನೆ ಮಾಡಿ.

ಎರಡನೇ ಸಲ ಹೋದಾಗ ಆಯ್ತು. ಎದೆಹಾಲು ಯಾವಾಗ ನಿಲ್ಲಿಸ್ಬೇಕು ಅಂತ ಗಂಟೆ ಬರೆದು ಚೀಟಿ ಕೊಟ್ಟಿದ್ರು, ಸಾಮಾನ್ಯವಾಗಿ ನಾಲ್ಕು ಗಂಟೆ ಮುಂಚೆ. ಆ ನಾಲ್ಕು ಗಂಟೆ ಅಳೋ ಕೂಸನ್ನ ಎತ್ಕೊಂಡು ಓಡಾಡೋದಿದೆಯಲ್ಲ, ಅದನ್ನ ಪಟ್ಟೋರೇ ಬಲ್ರು. ಆದ್ರೆ ಅಯ್ಯೋ ಪಾಪ ಅಂತ ಕದ್ದು ಕುಡಿಸ್ಬೇಡಿ, ಹೊಟ್ಟೇಲಿ ಹಾಲಿದ್ರೆ ಮಂಪರಲ್ಲಿ ವಾಂತಿ ಆಗಿ ಶ್ವಾಸಕೋಶಕ್ಕೆ ಹೋಗತ್ತೆ, ಅಜ್ಜಿಯಂದ್ರಿಗೆ ಇದನ್ನ ಮೊದಲೇ ಹೇಳಿಡಿ. ಡಾಕ್ಟ್ರು ನಮಗೆ ಚಿತ್ರ ಬರೆದು ತೋರ್ಸಿದ್ರು. ಸೀಳನ್ನ ಎರಡೂ ಕಡೆಯಿಂದ ಎಳೆದು ಚರ್ಮ ಹೊಲಿದ್ರೆ ಮುಗೀತು ಅಂತ ನಾವಂದ್ಕೊಂಡಿದ್ದು, ಹಾಗಲ್ವಂತೆ. ಬಾಯಿ ಸುತ್ತ ಉಂಗುರದ ಥರ ಒಂದು ಸ್ನಾಯು ಇರತ್ತೆ, ಸೀಳಿರೋ ಮಗೂಲಿ ಅದು ಕೂಡದೆ ಮೂಗಿನ ಬುಡಕ್ಕೆ ಹೋಗಿ ಅಂಟ್ಕೊಂಡಿರತ್ತೆ, ಅದನ್ನ ಅಲ್ಲಿಂದ ಬಿಡಿಸಿ ಸರಿಯಾದ ಕಡೆ ತಂದು ಕೂಡಿಸ್ಬೇಕು, ಇಲ್ಲಾಂದ್ರೆ ಮಗು ಸುಮ್ನಿದ್ದಾಗ ಚೆನ್ನಾಗಿ ಕಾಣತ್ತೆ ನಕ್ಕಾಗ ತುಟಿ ಒಂದು ಕಡೆ ಉಬ್ಬತ್ತೆ. ತುಟಿ ಕೆಂಪು ಮತ್ತೆ ಚರ್ಮ ಸೇರೋ ಗೆರೆ ಎರಡೂ ಕಡೆ ಸರಿಯಾಗಿ ಕೂಡ್ಬೇಕು, ಒಂದು ಮಿಲಿಮೀಟರ್ ಆಚೀಚೆ ಆದ್ರೂ ಮಾತಾಡೋ ದೂರದಿಂದ ಕಣ್ಣಿಗೆ ಬೀಳತ್ತೆ. ಅದಕ್ಕೇ ಕೊಯ್ಯೋ ಮುಂಚೆ ಶಾಯಿಲಿ ಚುಕ್ಕಿ ಇಟ್ಟು ಅಳೆದು ಅಳೆದು ನೋಡ್ತಾರಂತೆ.

ಆಚೆ ಬಂದಾಗ ತುಟಿ ಊದಿತ್ತು, ಮೊಣಕೈ ಮಡಚದ ಹಾಗೆ ಎರಡೂ ಕೈಗೆ ಪಟ್ಟಿ ಕಟ್ಟಿದ್ರು, ಹೊಲಿಗೆಗೆ ಕೈ ಹಾಕ್ಬಾರ್ದು ಅಂತ. ತಂಗಿ ಮಗುನ ಕೈಗೆ ತಗೊಂಡು ತುಂಬಾ ಹೊತ್ತು ಮಾತೇ ಆಡಲಿಲ್ಲ, ಆಮೇಲೆ ಅಕ್ಕಾ ಇವಳು ನನ್ನ ಪಾಪು ಅಲ್ಲ ಅನ್ಸತ್ತೆ, ಆ ಹಳೇ ಮುಖಾನೇ ನನಗೆ ಅಭ್ಯಾಸ ಆಗಿತ್ತು ಅಂತ ಅತ್ಲು. ಇದನ್ನ ಕೌನ್ಸೆಲರ್‌ಗೆ ಹೇಳಿದ್ವಿ, ಎಷ್ಟೋ ತಾಯಂದ್ರು ಹೀಗೆ ಹೇಳ್ತಾರೆ, ಅತ್ಬಿಡಮ್ಮ ಅಂದ್ರು.

ಅಂಗುಳದ ಆಪರೇಷನ್ ಸಾಮಾನ್ಯವಾಗಿ 9 ರಿಂದ 18 ತಿಂಗಳೊಳಗೆ. ಆಚೆಗೆ ಕಾಣದ ಸೀಳು ಆಗಿರೋದ್ರಿಂದ ತುಟಿ ಆದ್ಮೇಲೆ ಎಷ್ಟೋ ಮನೆಯವರು ಇನ್ನೇನು ಮುಖ ಚೆನ್ನಾಗಾಯ್ತಲ್ಲ ಅಂತ ವಾಪಸ್ ಬರೋದೇ ಇಲ್ವಂತೆ. ಆದ್ರೆ ಮಾತು ಇರೋದು ಅಂಗುಳದಲ್ಲಿ. ಮೆತ್ತಗಿನ ಅಂಗುಳ ಮೇಲೆದ್ದು ಮೂಗಿನ ದಾರಿ ಮುಚ್ಚಿದ್ರೆ ಮಾತ್ರ ಬಾಯಲ್ಲಿ ಗಾಳಿ ಒತ್ತಿ ಪ, ಬ, ತ, ದ, ಕ, ಗ ಹೊರಡತ್ತೆ. ಮುಚ್ಚದಿದ್ರೆ ಗಾಳಿ ಮೂಗಿಂದ ಸೋರಿ ಪಾಪ ಅನ್ನೋದು ಮಾಮ ಅಂತ ಕೇಳತ್ತೆ. ಮಕ್ಕಳು ಜಾಣರು, ಬಾಯಲ್ಲಿ ಬರದ ಶಬ್ದನ ಗಂಟ್ಲಲ್ಲಿ ತಡೆದು ಹೇಗೋ ಹೊರಡಿಸೋದು ಕಲಿತುಬಿಡ್ತಾರೆ, ಆಮೇಲೆ ಅಂಗುಳ ಸರಿ ಮಾಡಿದ್ರೂ ಆ ಅಭ್ಯಾಸ ಬಿಡಿಸೋದು ಕಷ್ಟ. ಅದಕ್ಕೇ ಬೇಗ ಆಗ್ಬೇಕು, ಆದ್ಮೇಲೆ ಥೆರಪಿಗೂ ಹೋಗ್ಬೇಕು. ಕಿವಿದೂ ಇದರ ಜೊತೆಗೇ ಬರತ್ತೆ, ಅಂಗುಳದ ಸ್ನಾಯು ಸರಿ ಇಲ್ದಿದ್ರೆ ಕಿವಿಯಿಂದ ಗಂಟ್ಲಿಗೆ ಬರೋ ಕೊಳವೆ ತೆರೆಯಲ್ಲ, ಕಿವಿ ಒಳಗೆ ನೀರು ನಿಂತು ಕೇಳಿಸೋದು ಮಂದ ಆಗತ್ತೆ. ನಮ್ಮ ಮಗುಗೆ ಕಿವಿ ಟೆಸ್ಟ್ ಅಲ್ಲೇ ಮಾಡಿಸಿದ್ರು, ನಾವು ಕೇಳಿರಲೇ ಇಲ್ಲ, ಅವರಾಗೇ ಮಾಡಿಸಿದ್ದು.

ಸ್ಪೀಚ್ ಥೆರಪಿ ರೂಮಲ್ಲಿ ನಾನೂ ಕೂತು ನೋಡಿದೀನಿ. ಥೆರಪಿ ಮೇಡಂ ಮಗು ಮೂಗಿನ ಕೆಳಗೆ ಒಂದು ಪುಟ್ಟ ಕನ್ನಡಿ ಹಿಡೀತಾರೆ, ಪಾ ಅನ್ನು ಪುಟ್ಟಿ ಅಂತಾರೆ. ಗಾಳಿ ಮೂಗಿಂದ ಬಂದ್ರೆ ಕನ್ನಡಿ ಮೇಲೆ ಹಬೆ ಕೂರತ್ತೆ, ಬಾಯಿಂದಾನೇ ಬಂದ್ರೆ ಕನ್ನಡಿ ತಿಳಿಯಾಗೇ ಇರತ್ತೆ. ಮಗುಗೆ ಇದು ಆಟ. ಮನೇಲಿ ಈಗ ತಂಗಿ ಗಂಡ, ಅವತ್ತು ನೆಗಡಿಗೆ ಜಗಳ ಆಡಿದ್ದೋನು, ದಿನಾ ಸಾಯಂಕಾಲ ಹತ್ತಿ ಚೂರು ಮೇಜಿನ ಮೇಲಿಟ್ಟು ಇಬ್ರೂ ಪಾ ಪಾ ಅಂತ ಊದಿ ತಳ್ಳೋ ಪಂದ್ಯ ಆಡ್ತಾರೆ. ದೂರದಿಂದ ಬರೋರಿಗೆ ಫೋನಲ್ಲಿ ವೀಡಿಯೋ ಕಾಲ್ ಮಾಡಿ ಹೇಳಿಕೊಡೋ ಏರ್ಪಾಡೂ ಇದೆ, ಇದು ದೊಡ್ಡ ಉಪಕಾರ.

ನಾನು ಇಷ್ಟೆಲ್ಲಾ ಹೇಳೋಕೆ ಇನ್ನೊಂದು ಮನೆ ಕಥೆನೂ ಕಾರಣ. ಥೆರಪಿಗೆ ಬರ್ತಿದ್ದ ಒಬ್ಬ ಹುಡುಗಂಗೆ ಎಲ್ಲೋ ಒಂದು ಉಚಿತ ಕ್ಯಾಂಪಲ್ಲಿ ಅಂಗುಳ ಹೊಲಿದಿದ್ರಂತೆ, ಕ್ಯಾಂಪ್ ಮುಗಿದ್ಮೇಲೆ ಡಾಕ್ಟ್ರು ಹೋದ್ರು ಬ್ಯಾನರ್ ಬಿಚ್ಚಿದ್ರು ಮುಗೀತು. ಹೊಲಿಗೆ ನಡುವೆ ಸಣ್ಣ ತೂತು ಉಳ್ಕೊಂಡಿದೆ, ಕುಡಿದಿದ್ದು ಮೂಗಲ್ಲಿ ಬರತ್ತೆ, ತೋರಿಸೋಕೆ ಯಾರೂ ಇರಲಿಲ್ಲ, ಕೇಸ್ ಪೇಪರ್ ಕೂಡ ಕೊಟ್ಟಿರಲಿಲ್ಲ. ಇಂಥ ತೂತು ಎಂಥ ಒಳ್ಳೇ ಡಾಕ್ಟ್ರ ಕೈಲೂ ಆಗಬಹುದು, ಅದಕ್ಕೆ ಯಾರನ್ನೂ ಬೈಯೋಕಾಗಲ್ಲ, ಆದ್ರೆ ಆದ್ಮೇಲೆ ಯಾರ ಹತ್ರ ಹೋಗ್ಬೇಕು ಅಂತ ಆ ತಾಯಿಗೆ ಗೊತ್ತಿರಲಿಲ್ವಲ್ಲ ಅದಕ್ಕೆ ಬೈತೀನಿ.

ಹಾಗಂತ ಹೊರಗಿಂದ ಬರೋ ತಂಡಗಳೆಲ್ಲ ದಂಡ ಅಂತ ನಾನು ಹೇಳಲ್ಲ. ಆಪರೇಷನ್ ಸ್ಮೈಲ್ ಅನ್ನೋ ಸಂಸ್ಥೆ 1982ರಲ್ಲಿ ಹುಟ್ಟಿದ್ದೇ ಹಾಗೆ, ಡಾಕ್ಟರ್ ಬಿಲ್ ಮೆಗೀ, ಅವರ ಹೆಂಡತಿ ಕ್ಯಾಥಿ ತಂಡದ ಜೊತೆ ಫಿಲಿಪೀನ್ಸ್‌ಗೆ ಹೋಗಿದ್ದಾಗ ಅಲ್ಲಿ ಸಾಲುಗಟ್ಟಿ ನಿಂತಿದ್ದ ಮಕ್ಕಳಲ್ಲಿ ಎಷ್ಟೋ ಜನರನ್ನ ವಾಪಸ್ ಕಳಿಸ್ಬೇಕಾಯ್ತಂತೆ, ಆ ಸಂಕಟದಿಂದ ಶುರುವಾಗಿದ್ದು, ಈಗ ಅವರೂ ಸ್ಥಳೀಯರಿಗೆ ಟ್ರೇನಿಂಗ್ ಕೊಡ್ತಾರೆ. ಇನ್ನು ನಿಜಕ್ಕೂ ಅಪರೂಪದ ತೊಂದ್ರೆಗಳಿಗೆ ಪರಿಣತರು ಹೊರಗಿಂದ ಬರ್ಲೇಬೇಕಾಗತ್ತೆ. ಮೂತ್ರಕೋಶ ಹೊಟ್ಟೆ ಮೇಲೇ ತೆರ್ಕೊಂಡು ಹುಟ್ಟೋ ಮಕ್ಕಳಿದ್ದಾರೆ, ಹತ್ತಾರು ಸಾವಿರ ಹೆರಿಗೆಗೆ ಒಂದು, ಅಂಥ ಕೇಸ್ ಒಬ್ಬ ಸರ್ಜನ್ ವರ್ಷಕ್ಕೆ ಒಂದು ನೋಡಿದ್ರೆ ಹೆಚ್ಚು. ಅಹಮದಾಬಾದಿನ ಸಿವಿಲ್ ಆಸ್ಪತ್ರೇಲಿ ಅಮೆರಿಕದ ಡಾಕ್ಟ್ರುಗಳು ಮತ್ತೆ ಮತ್ತೆ ಅದೇ ಆಸ್ಪತ್ರೆಗೆ ಬಂದು ಇಲ್ಲಿನವರ ಜೊತೆ ಸೇರಿ ಈ ಆಪರೇಷನ್ ಮಾಡ್ತಾರೆ, ಅವರು ಹೋದ್ಮೇಲೆ ಮಕ್ಕಳನ್ನ ನೋಡ್ಕೊಳ್ಳೋದು ಇಲ್ಲಿನ ಡಾಕ್ಟ್ರುಗಳು. ಬರೋರು ಹಾಗೆ ಬರ್ಬೇಕು.

ಉಗಾಂಡದ ಎಂಬಾಲೆ ಅನ್ನೋ ಊರಿನ ಕ್ಯೂರ್ ಆಸ್ಪತ್ರೆದೂ ಇಂಥದ್ದೇ ಕೆಲಸ. ತಲೇಲಿ ನೀರು ತುಂಬ್ಕೊಳ್ಳೋ ಮಕ್ಕಳಿಗೆ ಸಾಮಾನ್ಯವಾಗಿ ಆ ನೀರು ಇಳಿಸೋಕೆ ಶಂಟ್ ಅನ್ನೋ ಕೊಳವೆ ಹಾಕ್ತಾರೆ, ಅದು ಎಂದಾದ್ರೂ ಕಟ್ಕೊಂಡ್ರೆ ತಕ್ಷಣ ಆಸ್ಪತ್ರೆ ಸಿಗ್ಬೇಕು, ದೂರದ ಹಳ್ಳಿ ಮಗುಗೆ ಎಲ್ಲಿ ಸಿಗತ್ತೆ. ಅಲ್ಲಿ ಡಾಕ್ಟರ್ ಬೆಂಜಮಿನ್ ವಾರ್ಫ್ ಎಂಡೋಸ್ಕೋಪ್ ಅನ್ನೋ ಕ್ಯಾಮೆರಾ ಕೊಳವೆ ಹಾಕಿ ನೀರಿಗೆ ಬೇರೆ ದಾರಿ ತೆಗೆದು, ನೀರು ಹುಟ್ಟಿಸೋ ಜಾಗನೂ ಸುಟ್ಟು ಕಮ್ಮಿ ಮಾಡೋ ವಿಧಾನ ರೂಢಿಗೆ ತಂದ್ರು, ಎಷ್ಟೋ ಮಕ್ಕಳಿಗೆ ಕೊಳವೆನೇ ಬೇಡ ಆಯ್ತು. ಆಪರೇಷನ್ ಆದ್ಮೇಲೆ ಮಗು ಯಾವ ಮನೆಗೆ ಹೋಗತ್ತೆ ಅಂತ ಯೋಚಿಸಿ ಆಪರೇಷನ್ನೇ ಬದಲಾಯಿಸಿದ್ರಲ್ಲ, ನನಗೆ ಕೈ ಮುಗೀಬೇಕು ಅನ್ಸತ್ತೆ. ಕೆಲವು ತೊಂದ್ರೆಗೆ ಯಾವ ಕ್ಯಾಂಪೂ ಆಗಲ್ಲ. ಕರುಳು ಹೊಟ್ಟೆ ಆಚೆ ಬಂದು ಹುಟ್ಟೋ ಗ್ಯಾಸ್ಟ್ರೋಸ್ಕೈಸಿಸ್‌ಗೆ ಶ್ರೀಮಂತ ದೇಶಗಳಲ್ಲಿ ಸಾಯೋ ಮಕ್ಕಳು ನೂರಕ್ಕೆ ಇಬ್ಬರೂ ಇಲ್ಲ, ಬಡ ದೇಶಗಳಲ್ಲಿ ನೂರಕ್ಕೆ 90, 2021ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂದ 74 ದೇಶಗಳ ಅಧ್ಯಯನದ ಲೆಕ್ಕ ಇದು. ಆ ಮಗುಗೆ ಬೇಕಾಗಿರೋದು ಹುಟ್ಟಿದ ಗಂಟೆಗಳಲ್ಲೇ, ಹತ್ತಿರದಲ್ಲೇ ಇರೋ ಆಸ್ಪತ್ರೆ. ದಾನ ಕೊಡೋರು ಇದನ್ನೂ ಸ್ವಲ್ಪ ನೋಡ್ಲಿ.

ನಮ್ಮ ಸೇವೆಗೆ ಬರೋಣ, ಅರ್ಧ ಮಾರ್ಕ್ ಯಾಕೆ ಕಟ್ ಮಾಡ್ದೆ ಅಂದ್ರೆ ಆಸ್ಪತ್ರೆ ಕೌಂಟರ್. ಆಪರೇಷನ್, ಔಷಧಿ, ವಾರ್ಡು, ಥೆರಪಿ ಯಾವುದಕ್ಕೂ ಒಂದು ಪೈಸೆ ಕೇಳಿಲ್ಲ, ಆದ್ರೆ ಪ್ರತಿ ಸಲ ಹೋದಾಗ್ಲೂ ಅದೇ ಫಾರಂ ಮತ್ತೆ ಮೊದಲಿಂದ ತುಂಬಿಸೋರು, ಹಸಿದು ಅಳ್ತಿರೋ ಕೂಸು ಎತ್ಕೊಂಡು ಕ್ಯೂಲಿ ನಿಲ್ಲಿಸೋರು, ಉಚಿತ ತಾನೆ ಸ್ವಲ್ಪ ಕಾಯಿ ಅನ್ನೋ ದನಿ ಒಂದೆರಡು ಸಲ ಕೇಳಿಸ್ಕೊಂಡ್ವಿ. ಒಳಗೆ ಡಾಕ್ಟ್ರು ಸಿಸ್ಟರು ಅಷ್ಟು ಮರ್ಯಾದೆ ಕೊಟ್ಟು ನಡೆಸ್ಕೋತಾರೆ, ಆಚೆ ಕೌಂಟರಲ್ಲಿ ಹೀಗ್ಯಾಕೆ. ಓಡಾಟದ ಖರ್ಚು, ಕೆಲಸ ಬಿಟ್ಟಿದ್ದಕ್ಕೆ ಹೋಗೋ ಸಂಬಳ ಇವೂ ಲೆಕ್ಕಕ್ಕೆ ಬರತ್ತೆ, ಎಷ್ಟೋ ಮನೆಯವರು ಫಾಲೋಅಪ್ ಬಿಡೋದು ಇದಕ್ಕೇ. ಓಡಾಟಕ್ಕೆ ನೆರವು ಇದೆಯಾ ಅಂತ ನಾಚ್ಕೊಳ್ದೆ ಕೇಳಿ.

ಫೋಟೋ ವಿಷಯ ಒಂದಿದೆ. ಆಪರೇಷನ್‌ಗೆ ಮುಂಚೆ ಆಮೇಲೆ ಫೋಟೋ ತೆಗೀತಾರೆ, ಕೇಸ್ ಫೈಲ್‌ಗೆ ಬೇಕೇ ಬೇಕು, ಆದ್ರೆ ಪೋಸ್ಟರಿಗೆ ಇಂಟರ್ನೆಟ್ಟಿಗೆ ಹಾಕೋಕೆ ಒಪ್ಪಿಗೆ ಬೇರೆ, ಆಪರೇಷನ್ ಒಪ್ಪಿಗೆ ಬೇರೆ. ನಮ್ಮ ಹತ್ರ ಎರಡು ಬೇರೆ ಬೇರೆ ಹಾಳೆಲಿ ಸಹಿ ಕೇಳಿದ್ರು, ಎರಡನೇದಕ್ಕೆ ತಂಗಿ ಬೇಡ ಅಂದ್ಲು, ಯಾರೂ ಒಂದು ಮಾತೂ ಆಡಲಿಲ್ಲ. ಈ ಮಗು ನಾಳೆ ದೊಡ್ಡವಳಾಗಿ ಸ್ಕೂಲಿಗೆ ಹೋಗ್ತಾಳೆ, ಆ ಫೋಟೋ ಎಲ್ಲಿರ್ಬೇಕು ಅಂತ ಹೇಳೋ ಹಕ್ಕು ಅವಳದ್ದು.

ಮುಂದೆ ಇನ್ನೂ ಇದೆ. ವಸಡಿನ ಸೀಳಿಗೆ 7 ರಿಂದ 11 ವರ್ಷದೊಳಗೆ, ಶಾಶ್ವತ ಕೋರೆಹಲ್ಲು ಬರೋ ಮುಂಚೆ, ಸೊಂಟದ ಮೂಳೆಯಿಂದ ಚೂರು ತೆಗೆದು ತುಂಬಿಸ್ತಾರೆ. ಹಲ್ಲಿಗೆ ಕ್ಲಿಪ್, ಕೆಲವರಿಗೆ ದೊಡ್ಡವರಾದ್ಮೇಲೆ ಮೂಗಿನ ಆಪರೇಷನ್. ಹಾಗಾಗಿ ಫೋನ್ ಮಾಡಿದಾಗ ಆಪರೇಷನ್ ಯಾವತ್ತು ಅಂತ ಕೇಳೋದರ ಜೊತೆಗೆ ಹಾಲು ಕುಡಿಸೋದು ಯಾರು ಹೇಳ್ಕೊಡ್ತಾರೆ, ಮಕ್ಕಳಿಗೆ ಮಂಪರು ಕೊಟ್ಟು ಪಳಗಿರೋ ಡಾಕ್ಟ್ರು ಇದಾರಾ, ರಾತ್ರಿ ರಕ್ತ ಬಂದ್ರೆ ಯಾರು ಇರ್ತಾರೆ, ಸ್ಪೀಚ್ ಥೆರಪಿ ಅಲ್ಲೇನಾ, ವಸಡಿನ ಆಪರೇಷನ್ನೂ ಉಚಿತಾನಾ ಅಂತ ಕೇಳಿ ಬರ್ಕೊಳ್ಳಿ. ಡಿಸ್ಚಾರ್ಜ್ ಸಮ್ಮರಿ ಒಂದು ಜೆರಾಕ್ಸ್ ಮಾಡಿಸಿ ಬೇರೆ ಕಡೆ ಇಟ್ಟಿರಿ. ಮಗು ಈಗ ತಾನೇ ಹುಟ್ಟಿದ್ರೆ ತೂಕ ಬರ್ಲಿ ಮೂರು ತಿಂಗಳಾಗ್ಲಿ ಅಂತ ಕಾಯೋದು ಬೇಡ, ತೂಕ ಬರ್ಸೋದು ಹೇಗೆ ಅಂತ ಕೇಳೋಕೇ ಈ ವಾರಾನೇ ಹೋಗಿ.